ಗೋಡೆಯೊಳಗಿನ ಹೆಲ್ವಿಗ್‌ಗೆ ಗಂಜಿ

ಬೂದಿ ಬುಧವಾರ ಕಳೆದು ಎರಡನೇ ದಿನ

ಬಾರ್ಲಿ ಗಂಜಿ ಕೊಟ್ಟೆ. ಎರಡು ಗುಟುಕು ಕುಡಿದು ಬಟ್ಟಲು ಹಿಂದಕ್ಕೆ ತಳ್ಳಿದಳು ಹೆಲ್ವಿಗ್. ಎಂಟು ವರ್ಷದಿಂದ ಚರ್ಚಿನ ಗೋಡೆಯೊಳಗೆ ಕೂತು ಪ್ರಾರ್ಥನೆ, ತಾನೇ ಹೊತ್ತ ಹರಕೆ. ಬಾಗಿಲಿಗೆ ಕಲ್ಲು ಕಟ್ಟಿಬಿಟ್ಟಿದ್ದಾರೆ. ನಡುವೆ ಒಂದು ಕಿಟಕಿ — ಆಚೆ ಅವಳು, ಈಚೆ ಅವಳ ಊಟ-ನೀರು ನೋಡ್ಕೊಳ್ಳೋ ನಾನು.

ಲೀಜ್ ಪಟ್ಟಣದ ಕಡೆಯಿಂದ ಬಂದ ಯಾತ್ರಿ ಹೆಂಗಸೊಬ್ಬಳು ಕೇಳ್ತಾಳೆ — "ಹೌದಾ ಅಜ್ಜಿ, ಮೂರು ವರ್ಷದಿಂದ ಪರಮಪ್ರಸಾದ ಬಿಟ್ಟು ಬೇರೇನೂ ಅವರ ಗಂಟಲಿಗೆ ಇಳಿದಿಲ್ವಂತೆ?"

"ಮತ್ತೆ ಈ ಬಟ್ಟಲಿಗೆ ಬಾಯಿ ಹಾಕಿದ್ದು ಯಾರು, ನಿಮ್ಮಪ್ಪನಾ?"

ಓಡಿದಳು. ಯಾರು ಹಬ್ಬಿಸಿದ್ದು ಇದನ್ನ?

ಭಾನುವಾರ

ಗೊತ್ತಾಯ್ತು. ನಮ್ಮ ಪಾದ್ರಿ ಎಂಗೆಲ್ಬರ್ಟ್ ಸ್ವಾಮಿಗಳೇ. ಹೋದ ವರ್ಷ ಜ್ವರ ಬಂದು ಮೂರು ವಾರ ಉಣ್ಣಲಿಲ್ಲ ಅವಳು. ಅದನ್ನ ಮೂರು ವರ್ಷ ಮಾಡಿ ಊರೂರಿಗೆ ಸಾರಿದ್ದಾರೆ. ಈಗ ಪರೀಕ್ಷೆಗೆ ಬಿಷಪ್ಪರ ಜನ ಬರ್ತಾರಂತೆ, ಮರಿಯಮ್ಮನ ಮಂಗಳವಾರ್ತೆ ಹಬ್ಬಕ್ಕೆ.

"ಬೆರ್ಟಾ, ಅವರು ಬಂದುಹೋಗೋವರೆಗೂ ಗಂಜಿ ಬೇಡ."

"ಸಾಯ್ತಾಳೆ ಸ್ವಾಮಿ."

"ಒಳಗೆ ಹೋದ ದಿನಾನೇ ಅವಳ ಮೇಲೆ ಶವಸಂಸ್ಕಾರದ ಮಂತ್ರ ಓದಿದ್ದೀವಿ. ಲೋಕದ ಪಾಲಿಗೆ ಸತ್ತವಳು."

"ಹಂಗಾದ್ರೆ ಇಷ್ಟು ವರ್ಷ ಹೆಣದ ಪಾಪನಿವೇದನೆ ಕೇಳಿದ್ರಾ?"

ಮುಖ ಕೆಂಪಾಯ್ತು. ಆಗಲಿ.

ಸೋಮವಾರ

ಕದ್ದು ರೊಟ್ಟಿ ಚಾಚಿದೆ. ಮುಟ್ಟಲಿಲ್ಲ.

"ಬೇಡ ಬೆರ್ಟಕ್ಕಾ. ಗುರುಗಳ ಮಾತು ಮೀರಲ್ಲ ಅಂತ ಆಣೆ ಇಟ್ಟಿದ್ದೀನಿ."

"ನಿನ್ನ ಆಣೆಗಿಷ್ಟು ಬೆಂಕಿ ಹಾಕ! ಅವರ ಸುಳ್ಳು ಉಳಿಸೋಕೆ ನೀನು ಸಾಯ್ಬೇಕಾ?"

ನಕ್ಕಳು, ಮೂಳೆಮುಖದವಳು. "ಮೆಲ್ಲಗೆ ಬೈಯಕ್ಕಾ, ದೇವರಿಗೆ ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಬೈತಿರೋದು."

ಅವಳ ಉಪವಾಸದ ಒಂಬತ್ತನೇ ದಿನ

ಬರೀ ನೀರು. ಕೀರ್ತನೆ ಹೇಳೋ ದನಿ ನಿಂತು ಎರಡು ದಿನ. ಹೊರಗೆ ಜನ ಮೇಣದಬತ್ತಿ ಹಚ್ತಿದ್ದಾರೆ. ಥೂ.

ಮಂಗಳವಾರ್ತೆ ಹಬ್ಬ, ಸಂಜೆ

ಬಂದರು, ಇಬ್ಬರು. ನನ್ನ ಕೋಣೆಗೇ. ದಪ್ಪನೆಯವನು ಕಿಟಕೀಲಿ ಇಣುಕಿ — "ಮಗಳೇ, ಊಟ ಬಿಟ್ಟಿದ್ದು ನಿಜವಾ?"

ಕಿಟಕಿ ಪಕ್ಕ ಗೋಡೆಗೊರಗಿದ್ದಳು, ಕಣ್ಣು ಅರ್ಧ ತೆರೆದು.

"ನೋಡಿ, ಪರವಶಳಾಗಿದ್ದಾಳೆ! ದೇವರ ಜೊತೆ ಒಂದಾಗಿದ್ದಾಳೆ!" ಅಂದ್ರು ನಮ್ಮ ಸ್ವಾಮಿಗಳು. ಮೂವರೂ ಮಂಡಿಯೂರಿದರು. ಎಚ್ಚರ ತಪ್ಪಿದವಳ ಮುಂದೆ!

"ಏಳ್ರೋ ಕುರುಡರಾ, ಅದು ಹಸಿವು!" ಕಿಟಕೀಲಿ ಎರಡೂ ಕೈ ತೂರಿಸಿ, ತಲೆ ಎತ್ತಿ ಹಿಡಿದು ಗಂಜಿ ತುಟಿಗಿಟ್ಟೆ. ನುಂಗಿದಳು. ಎಲ್ಲರ ಕಣ್ಣೆದುರೇ ನುಂಗಿದಳು.

ಬಿಷಪ್ಪರ ಕಡೆಯವರು ಮಂಡಿ ಕೊಡವಿಕೊಂಡು ಎದ್ದುಹೋದರು. ಸ್ವಾಮಿಗಳ ಅಪ್ಪಣೆ — ಪವಾಡ ಕೆಡಿಸಿದ ಮುದುಕಿ ನಾಳೆ ಗಂಟುಮೂಟೆ ಕಟ್ಟಬೇಕಂತೆ. ಕಟ್ತೀನಿ. ಈ ಚರ್ಚಿಗೆ ಮೂವತ್ತು ವರ್ಷ ದುಡಿದಿದ್ದಕ್ಕೆ ಒಳ್ಳೇ ಮರ್ಯಾದೆ! ಆದ್ರೆ ನಾನು ಹೋದಮೇಲೆ ಇವಳು ಮತ್ತೆ ಆಣೆ ಅಂತ ಬಾಯಿ ಮುಚ್ಚಿದ್ರೆ? ಎಚ್ಚರವಿಲ್ಲದಾಗ ನುಂಗಿದ್ದು ಎಷ್ಟು ದಿನ ಕಾಯುತ್ತೆ?

ಕಿಟಕಿ ತಟ್ತಿದ್ದಾಳೆ.

"ಬೆರ್ಟಕ್ಕಾ... ಗಂಜಿ ಇನ್ನೂ ಇದೆಯಾ?"

ಬಂದೆ ಕಣೇ, ಬಂದೆ — ಸೌಟು ಎಲ್ಲಿ ಹಾಳಾಗ್ಹೋಯ್ತೋ —