ಸಾಹುಕಾರನ ತಟ್ಟೆಗೆ ಬಿದ್ದ ಪುಡಿ

ಡಾಕ್ಟರಮ್ಮನವರಿಗೆ ನಮಸ್ಕಾರ.

ನಮ್ಮ ನಾಯಿ ಸಾಹುಕಾರನ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿದೆ, ಅದನ್ನು ನೋಡಿದರೆ ಕ್ಯಾನ್ಸರ್ ಕೈಮೀರಿದಂತಿದೆ, ನರಳಿಸುವುದು ಬೇಡ, ಶುಕ್ರವಾರ ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ ಎಂದಿರಿ. ಅದಕ್ಕೂ ಮೊದಲು, “ಊಟದ ಜೊತೆ ಬೇರೇನಾದ್ರೂ ಕೊಡ್ತಿದ್ದೀರಾ?” ಎಂದು ಎರಡು ಸಲ ಕೇಳಿದಿರಿ. ಒಂದು ಕೇಳಿದರೆ ಹತ್ತು ಹೇಳುವ ನಾನು ಇಲ್ಲವೆಂದು ತಲೆಯಾಡಿಸಿದೆ. ಹಿಂದೆ ಬೆಂಚಿನ ಮೇಲೆ ನನ್ನ ಗಿರಾಕಿಗಳೇ ಕೂತಿದ್ದರು.

ಕೊಡುತ್ತಿದ್ದೆವು. ಇಪ್ಪತ್ಮೂರು ದಿನ, ದಿನಕ್ಕೆ ಎರಡು ಚಮಚ ಕ್ಯಾಲ್ಸಿಯಂ ಪುಡಿ, ನನ್ನ ಅಂಗಡಿಯದೇ. “ಮೂಳೆಗೆ ಒಳ್ಳೇದು, ಕಣ್ಮುಚ್ಕೊಂಡು ಕೊಡಿ” ಎಂದು ಊರಿಗೆಲ್ಲ ಮಾರಿದವನು ಮನೆಯವಳಿಗೂ ಅದನ್ನೇ ಹೇಳಿದೆ. ಅವಳು ಅನ್ನದಲ್ಲಿ ಕಲಸಿ, “ತಿನ್ನೋ ನನ್ನಪ್ಪಾ, ಇದೊಂದು ತುತ್ತು” ಎಂದು ಕೈಯಾರೆ ತಿನ್ನಿಸಿದಳು.

ನಿನ್ನೆಯಿಂದ ಡಬ್ಬಿ ಬಚ್ಚಿಟ್ಟಿದ್ದೇನೆ. ದಯವಿಟ್ಟು ಶುಕ್ರವಾರದ ಇಂಜೆಕ್ಷನ್ ಮುಂದೂಡಿ, ರಕ್ತ ಇನ್ನೊಮ್ಮೆ ನೋಡಿ. ಅವನು ಬಹಳ ದಿನ ಉಳಿಯುವುದಿಲ್ಲವೆಂದು ಗೊತ್ತು. ಆದರೆ ರೋಗದ ಲೆಕ್ಕಕ್ಕೆ ನನ್ನ ಪುಡಿಯೂ ಸೇರಿ ಅವನು ಒಂದು ದಿನ ಮೊದಲೇ ಹೋಗಬಾರದು.

ಪುಡಿ ನಿಲ್ಲಿಸಿದ್ದಕ್ಕೆ ಅವಳಿಗೆ ನೀವೇ ಏನಾದರೂ ನೆಪ ಹೇಳಿ, ನಿಜ ಮಾತ್ರ ಬೇಡ. ಇವತ್ತು ಬೆಳಿಗ್ಗೆ ಅವನು ತಟ್ಟೆಯಿಂದ ಮುಖ ತಿರುಗಿಸಿದ. ಪುಡಿ ಬೀಳದ್ದಕ್ಕೇ ಅವನಿಗೆ ಶಕ್ತಿ ಸಾಲುತ್ತಿಲ್ಲವೆಂದು ಅವಳು ಮನೆಯೆಲ್ಲ ಡಬ್ಬಿ ಹುಡುಕುತ್ತಿದ್ದಾಳೆ.

ಇಂತಿ,
ನಿಮ್ಮ ಎದುರು ಸಾಲಿನ ಪಶು ಆಹಾರದ ಅಂಗಡಿಯವನು