ಏಳನೇ ನಿಯಮದ ಮೇಲೆಳೆದ ಗೆರೆ

ಫೆಬ್ರವರಿ ೩೧, ೨೧೬೮
ಹೊಸಹಿನ್ನೀರು ಹಾಯಿದೋಣಿ ಕ್ಲಬ್ಬು

ಕ್ಲಬ್ಬಿನ ಮೊದಲ ಕಾರ್ಯದರ್ಶಿ ಶ್ರೀಮತಿ ಜೆಸಿಂತಾ ಅವರಿಗೆ,

ತಾರೀಖು ತಪ್ಪಲ್ಲ. ಬಿಸಿಲಿನ ತಿಂಗಳುಗಳನ್ನು ಮೋಟು ಮಾಡಿ ಗಾಳಿ ಸಿಗುವ ತಿಂಗಳನ್ನು ಉದ್ದ ಮಾಡಿಕೊಂಡು ನಮಗೆ ಅರವತ್ತು ವರ್ಷವಾಯಿತು. ಬಿಸಿಲೇನೂ ಕಡಿಮೆಯಾಗಲಿಲ್ಲ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಅಪರಿಚಿತ ಅನ್ನಿಸಿದರೆ ಕ್ಷಮಿಸಿ; ನಿಮ್ಮ ಕೈಬರಹದ ನಿಯಮಪುಸ್ತಕ ಓದಿ ಓದಿ ನಿಮ್ಮ ಕಾಲಕ್ಕೆ ಹೊಂದಿಸಿದ್ದೇನೆ.

ನೀವು ಆರಂಭಿಸಿದ ಕ್ಲಬ್ಬು ಇನ್ನೂ ಇದೆ. ಜಲಾಶಯ ಅರ್ಧಕ್ಕಿಳಿದಿದೆ, ನೀರಿನ ಬೆನ್ನು ಹಿಡಿದು ದೋಣಿಮನೆಯನ್ನು ಮೂರು ಸಲ ಕೆಳಕ್ಕೆ ಸಾಗಿಸಿದ್ದೇವೆ. ನಾವು ನೀರಿಗಿಳಿಯುವುದು ತಣಿಗಂಟೆಯಲ್ಲಿ ಮಾತ್ರ, ಅಂದರೆ ಬೆಳಕು ಹರಿದಾಗಿನಿಂದ ಎಂಟರವರೆಗೆ. ಆಮೇಲೆ ಬಯಲಿನಲ್ಲಿ ನಿಲ್ಲಲಾಗದು. ಕುಡಿಯುವ ನೀರಿನ ಮೇಲೆ ಮೋಟಾರು ಓಡಿಸುವಂತಿಲ್ಲವಾದ್ದರಿಂದ ರಕ್ಷಣಾ ದೋಣಿಗೆ ನಾಲ್ವರು ಹುಟ್ಟು ಹಾಕುತ್ತಾರೆ. ದಡದಲ್ಲಿ ರಾಗಿ ಅಂಬಲಿ, ಹೊಸಬರ ಹಗ್ಗದ ಗಂಟು ಬಿಡಿಸಿಕೊಡುವ ಹಳಬರು, ಮಗುಚಿಕೊಂಡವರಿಗೆ ಚಪ್ಪಾಳೆ, ಎಲ್ಲ ನಿಮ್ಮಿಂದ ಬಂದದ್ದು. ನಿಮ್ಮ ಬಿಲ್ಲೆಹಲಗೆಯೂ ಇದೆ. ನೀರಿಗೆ ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಎಡಗಡೆಯ ಮೊಳೆಗೆ ಸಿಕ್ಕಿಸುತ್ತಾರೆ, ಬಂದ ಮೇಲೆ ಬಲಗಡೆಗೆ. ಎಡಗಡೆ ಖಾಲಿಯಾದರೆ ರಕ್ಷಣಾ ದೋಣಿಯವರು ಮನೆಗೆ ಹೋಗುತ್ತಾರೆ.

ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಬದಲಿಸುವುದು ನಮ್ಮಲ್ಲಿ ಉಪಚಾರ. ಕೈ ಒದ್ದೆಯಾದವರಿಗೆ, ಮೊಣಕಾಲು ನೋವಿನವರಿಗೆ, ಕೇಳದೆಯೇ ಮಾಡಿಕೊಡುತ್ತೇವೆ.

ಕಳೆದ ತಿಂಗಳು ದೇವೀರಮ್ಮನವರದನ್ನು ನಾನು ಬದಲಿಸಿದೆ. ನನಗೆ ಚುಕ್ಕಾಣಿ ಹಿಡಿಯಲು ಕಲಿಸಿದವರು ಅವರು, ಈಗ ಅರವತ್ತೆರಡು. ದಡದಲ್ಲಿ ಅಂಬಲಿ ಕುಡಿಯುತ್ತ ನಿಂತಿದ್ದರು. ಬಿಲ್ಲೆಯನ್ನು ಬಲಕ್ಕೆ ಹಾಕಿ ಮನೆಗೆ ಹೋದೆ. ಅಂದಿನ ಪಂದ್ಯದ ತಿರುವಿನ ಗುರುತಿಗೆಂದು ನೀರಿನಲ್ಲಿ ಕಟ್ಟಿದ್ದ ಪೀಪಾಯಿಯನ್ನು ತರಲು ಅವರು ಮತ್ತೆ ಹೋಗುವವರಿದ್ದರು, ಅದಕ್ಕೇ ಬಿಲ್ಲೆಯನ್ನು ಎಡಗಡೆಯೇ ಬಿಟ್ಟಿದ್ದರು. ಹಲಗೆಯತ್ತ ಇನ್ನೊಮ್ಮೆ ನೋಡುವ ಕಾರಣ ಅವರಿಗಿರಲಿಲ್ಲ. ದೋಣಿಗಳನ್ನು ಒಳಗೆ ಸೇರಿಸಿ ಬಂದ ರಕ್ಷಣೆಯವರು ನೋಡಿದರು, ಎಡಗಡೆ ಖಾಲಿ, ಹೊರಟರು. ಗಾಳಿ ತಿರುಗಿ ದೇವೀರಮ್ಮನವರ ದೋಣಿ ಮಗುಚಿತು. ಹಾಯಿಕಂಬ ತಳದ ಕೆಸರಿನಲ್ಲಿ ಹೂತು, ದೋಣಿ ಮೇಲೇಳಲಿಲ್ಲ. ಸಂಜೆ ಮಗಳು ಹುಡುಕಿಸುವವರೆಗೆ ಅದನ್ನೇ ಅವುಚಿಕೊಂಡಿದ್ದರು. ಜೀವ ಉಳಿಯಿತು. ನೀರಿನ ಮೇಲಿನ ಝಳಕ್ಕೆ ಕಣ್ಣು ಹೋದವು.

ನೋಡಲು ಹೋದವರನ್ನೆಲ್ಲ ಅವರು ಕೇಳುತ್ತಾರೆ: "ಯಾವ ಪುಣ್ಯಾತ್ಮ ಕಣ್ಲಾ, ನಾನಿನ್ನೂ ನೀರಲ್ಲಿರುವಾಗ್ಲೇ ನನ್ನ ದಡ ಸೇರಿಸ್ಬುಟ್ಟೋನು?" ಎಲ್ಲರೂ ನಗುತ್ತಾರೆ. ನಾನೂ ನಕ್ಕೆ.

"ನಿಂಗರಾಜು, ನೀನ್ಯಾಕ್ಲಾ ಎಲ್ರಿಗಿಂತ ಜೋರಾಗಿ ನಗ್ತಿದ್ದೀಯೆ?"

"ಏನಿಲ್ಲ ಕಣಕ್ಕ" ಅಂದೆ.

ಅಂದಿನಿಂದ ನಿಮ್ಮ ಪುಸ್ತಕ ನನ್ನ ಬಳಿಯೇ ಇದೆ. ಏಳನೆಯದು: 'ತಮ್ಮ ಬಿಲ್ಲೆಯನ್ನು ತಾವೇ ಬದಲಿಸತಕ್ಕದ್ದು.' ಅದರ ಮೇಲೊಂದು ಗೆರೆ. ಪಕ್ಕದಲ್ಲಿ ನಿಮ್ಮದೇ ಅಕ್ಷರ: 'ಎಲ್ಲ ನಮ್ಮವರೇ, ಇಷ್ಟು ಬಿಗಿ ಬೇಡ.'

ಆ ಗೆರೆ ಎಳೆಯಬೇಡಿ ಎಂದು ಕೇಳಲು ಕೂತೆ. ಎಳೆದಿದ್ದೀರಿ ಎನ್ನುವುದು ಕಣ್ಣೆದುರೇ ಇದೆ. ಆದರೂ ಎರಡು ಪುಟ ಬರೆದೆ. ನೂರ ನಲವತ್ತು ವರ್ಷ ಹಿಂದಿನ ಒಬ್ಬರ ಕೈ ತಡೆಯುವುದು, ಎರಡು ಬೀದಿ ಆಚೆಯ ಬಾಗಿಲು ತಟ್ಟುವುದಕ್ಕಿಂತ ಸುಲಭವೆನಿಸಿತು. ಗೆರೆ ನಿಮ್ಮದು, ಜೆಸಿಂತಾ ಅವರೇ. ಕೈ ನನ್ನದು.

ಇದು ನಿಮಗೆ ತಲುಪುವುದಿಲ್ಲ. ನಾಳೆಯ ತಣಿಗಂಟೆಯಲ್ಲಿ ದೇವೀರಮ್ಮನವರ ಮನೆಗೆ ಒಯ್ಯುತ್ತೇನೆ. ಸುಮ್ಮನೆ ಕೈಗಿಟ್ಟು ಬರುವಂತಿಲ್ಲ. ಅವರಿಗೆ ಓದಿ ಹೇಳಬೇಕಾದವನು ನಾನೇ.

ನಿಂಗರಾಜು