ಫೈನಲ್ ತಪ್ಪಿದ ಬೆಳಿಗ್ಗೆ

ತಮ್ಮಾ,

ನೀನು ಹಿಂದಿನ ಕೋಣೆಯಲ್ಲಿ ಜ್ವರದ ಮಂಪರಿನಲ್ಲಿದ್ದಾಗ ನಿಮ್ಮ ಕ್ಯಾಪ್ಟನ್ ಹಾಕಿ ಸ್ಟಿಕ್ ಹಿಡಿದು ಬಂದಿದ್ದ. "ಎರಡೆರಡು ಡೋಸ್ ಹಾಕಿಸ್ಕೊಂಡವನಿಗೆ ಎಲ್ಲಿಂದ ಬಂತು ಕೊರೋನಾ? ಇವನೊಬ್ಬನಿಂದ ಇಡೀ ಟೀಮನ್ನ ಫೈನಲ್‌ನಿಂದ ತೆಗೆದ್ರು! ಹೊರಗೆ ಕಳ್ಸಿ ಅವನನ್ನ!" ಎಂದು ಅರಚುತ್ತಾ ಹಾಲ್‌ನ ಕಿಟಕಿ ಪುಡಿ ಮಾಡಿದ. ತಡೆಯಲು ಹೋದ ಅಪ್ಪನ ಹಣೆ ಒಡೆದ. ಅಪ್ಪನ ಮುಖವೆಲ್ಲ ರಕ್ತವಾದದ್ದು ನೋಡಿ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಒಲೆ ಮೇಲಿದ್ದ ಕಬ್ಬಿಣದ ಬಾಣಲೆ ಎತ್ತಿ ಅವನ ಮೊಣಕೈಗೆ ಬಾರಿಸಿದೆ. ಮೂಳೆ ಮುರಿದದ್ದು ಕಿವಿಗೇ ಕೇಳಿಸಿತು. ಕೈ ಹಿಡಿದುಕೊಂಡು ಓಡಿಹೋದ.

ಅಪ್ಪನಿಗೆ ಹೊಲಿಗೆ ಹಾಕಿಸಿಕೊಂಡು ಪೊಲೀಸ್ ಠಾಣೆಗೆ ಹೋಗುತ್ತೇನೆ. ನಾನು ಹೊಡೆದದ್ದನ್ನೂ ಹೇಳುತ್ತೇನೆ.

ಯಾರು ಬಡಿದರೂ ಬಾಗಿಲು ತೆಗೆಯಬೇಡ. ಸೋಫಾ ಕೆಳಗೆ ಇನ್ನೂ ಗಾಜಿದೆ, ಚಪ್ಪಲಿ ಹಾಕಿಕೊಂಡೇ ಓಡಾಡು. ಮಾತ್ರೆ ಊಟವಾದ ಮೇಲೆ. ಬರೀ ಹೊಟ್ಟೆಗೆ ನುಂಗಿ ಆಮೇಲೆ ನನ್ನ ಪ್ರಾಣ ತಿನ್ನಬೇಡ.

ಈಗಷ್ಟೇ ಕೋಚ್ ಫೋನ್ ಮಾಡಿದ್ದರು. ಕ್ಯಾಪ್ಟನ್‌ಗೆ ನಿನಗಿಂತ ಮೊದಲೇ ಜ್ವರ ಬಂದಿತ್ತಂತೆ. ಯಾರಿಗೂ ಹೇಳದೆ ಪ್ರಾಕ್ಟೀಸ್‌ಗೆ ಬಂದು ನಿಮ್ಮೆಲ್ಲರ ಜೊತೆ ಒಂದೇ ಬಾಟಲಿಯಲ್ಲಿ ನೀರು ಕುಡಿದನಂತೆ.

ಟೀಮ್ ಗ್ರೂಪಿನಲ್ಲಿ "ಎಲ್ಲಾ ನನ್ನ ತಪ್ಪು, ಕ್ಷಮಿಸಿ" ಅಂತ ಹಾಕಿದ್ದೀಯಲ್ಲ, ಎದ್ದ ತಕ್ಷಣ ಅದನ್ನು ಅಳಿಸು.

ಅಕ್ಕ